ಸ್ನಾನದ ಮನೆಗೊಂದು ಚಿಲಕ

ಜನವರಿ 12

ಏನೂಂದ್ರೆ,

ಇನ್ನು ಮೇಲೆ ಫೋನ್ ಮಾಡಬೇಡಿ, ಕಾಗದ ಬರೆಯಿರಿ. ನಿನ್ನೆ ನಾನು ಅಷ್ಟು ಹೊತ್ತು ಮಾತಾಡಿದೆ. ನಿಮ್ಮ ಕಡೆಯಿಂದ ಬಂದದ್ದು ಒಂದು "ಹೂಂ", ಇನ್ನೊಂದು "ಹೂಂ", ಕೊನೆಗೆ "ಊಟ ಆಯ್ತಾ". ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನವರ ಮಾತನ್ನೆಲ್ಲ ಜೋಡಿಸಿ ನಿವೃತ್ತಳಾದವಳು ನಾನು. ಹೆಂಡತಿಗೆ ಫೋನ್ ಮಾಡಿ ಸುಮ್ಮನಿರುವ ಗಂಡಂದಿರು ನನಗೆ ಹೊಸಬರಲ್ಲ. ಆದರೆ ನಿಮ್ಮ ಬಾಯಿಗಿಂತ ಕೈ ವಾಸಿ ಅನ್ನುವುದು ಮದುವೆಗೆ ಮುಂಚೆ ಬರೆದ ಕಾಗದಗಳಿಂದ ನನಗೆ ಗೊತ್ತು. ಆ ಕೈಗೆ ಸ್ವಲ್ಪ ಕೆಲಸ ಕೊಡಿ.

ತಂಗಿಯ ಮನೆಯಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಬೆಳಿಗ್ಗೆ ವ್ಯಾಯಾಮ ಮಾಡಿಸುವ ಹುಡುಗಿ ಬರುತ್ತಾಳೆ. ಸೊಂಟದ ಮೂಳೆ ಕೂಡಿದೆಯಂತೆ, ಧೈರ್ಯ ಇನ್ನೂ ಕೂಡಬೇಕು ಎನ್ನುತ್ತಾಳೆ. ವಾಕರ್ ಹಿಡಿದು ಅಡುಗೆಮನೆಯವರೆಗೂ ಹೋಗುತ್ತೇನೆ. ತಂಗಿ ಹಿಂದೆಯೇ ಬರುತ್ತಾಳೆ, ಅವಳ ಹಿಂದೆ ನಿಮ್ಮ ಷಡ್ಡಕ, ಮೆರವಣಿಗೆಯ ಹಾಗೆ. ಚಿಕ್ಕವಳಿದ್ದಾಗ ನಾನು ಎತ್ತಿ ಆಡಿಸಿದವಳು ಈಗ ನನ್ನ ಕಾಲಿಗೆ ಚಪ್ಪಲಿ ತೊಡಿಸುತ್ತಾಳೆ. ಅವಳ ಋಣ ಹೇಗೆ ತೀರಿಸುವುದೋ ತಿಳಿಯದು.

ಯಾವಾಗ ಬರುತ್ತೀ ಎಂದು ಅದಕ್ಕೂ ಮುಂಚಿನ ಫೋನಿನಲ್ಲಿ ಕೇಳಿದ್ದಿರಿ. ಯಾರ ಸಹಾಯವೂ ಇಲ್ಲದೆ ನಾನೊಬ್ಬಳೇ ಸ್ನಾನ ಮಾಡಬಲ್ಲೆ ಅಂತಾದ ದಿನ ಬರುತ್ತೇನೆ. ನಮ್ಮ ಬಚ್ಚಲಿನ ಆ ಮೊಣಕಾಲೆತ್ತರದ ಕಟ್ಟೆಯನ್ನು ದಾಟಲು ಹೋಗಿ ಬಿದ್ದವಳು ನಾನು. ಅದು ಅಲ್ಲಿ ಇರುವವರೆಗೆ ನಾನು ಇಲ್ಲಿರುತ್ತೇನೆ. ಕೋಪದಿಂದ ಹೇಳುತ್ತಿಲ್ಲ.

ನಿಮ್ಮ
ಆಪರೇಟರು


ಜನವರಿ 25

ಇವಳೇ,

ಕಟ್ಟೆ ಒಡೆಸುತ್ತೇನೆ. ಬರೀ ಕಟ್ಟೆಯಲ್ಲ, ಇಡೀ ಸ್ನಾನದ ಮನೆ. ವಾಕ್-ಇನ್ ಶವರ್ ಅಂತ ಮಾಡುತ್ತಾರಂತೆ. ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಹಜಾರದಿಂದ ಹೊರಟವಳು ವಾಕರ್ ತಳ್ಳಿಕೊಂಡು ಸೀದಾ ನೀರಿನ ಕೆಳಗೆ ಹೋಗಿ ನಿಲ್ಲಬಹುದು. ನೆಲವನ್ನೇ ಇಳಿಜಾರು ಮಾಡಿ ನೀರನ್ನು ಮೂಲೆಗೆ ಓಡಿಸುತ್ತಾರೆ.

ಒಬ್ಬ ಮೇಸ್ತ್ರಿ ಸಿಕ್ಕಿದ್ದಾನೆ. ಏನು ಕೇಳಿದರೂ "ಆಗುತ್ತೆ" ಅನ್ನುತ್ತಾನೆ. "ಈ ಪೈಪು ಈ ಕಡೆ ತರೋಕಾಗುತ್ತಾ?" ಅಂದೆ. "ಆಗುತ್ತೆ." "ಕಿಟಕಿ ಹಾಗೇ ಇರಲಿ, ಆಗುತ್ತಾ?" "ಆಗುತ್ತೆ." ಪರೀಕ್ಷೆ ಮಾಡೋಣ ಅಂತ "ಛಾವಣಿ ಸ್ವಲ್ಪ ಎತ್ತರಿಸಬೇಕಲ್ಲ" ಅಂದೆ. ತಲೆ ಎತ್ತಿ ನೋಡಿ ಅದಕ್ಕೂ "ಆಗುತ್ತೆ" ಅಂದ. ನಾನು ಅವನಿಗೆ ಆಗುತ್ತೆ ಮೇಸ್ತ್ರಿ ಅಂತಲೇ ಹೆಸರಿಟ್ಟಿದ್ದೇನೆ.

ಅಳತೆ ಮಾತ್ರ ಅವನ ಕೈಗೆ ಕೊಡಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಗೂಟಕ್ಕೆ ನೇತುಹಾಕಿದ್ದ ನನ್ನ ಟೇಪನ್ನು ಕೊರಳಿಗೆ ಹಾಕಿಕೊಂಡು ನಾನೇ ಒಳಗೆ ನಿಂತೆ. ಗೋಡೆಗೆ ಎದೆಸುತ್ತಳತೆ ಇಲ್ಲ, ಅಷ್ಟೇ ವ್ಯತ್ಯಾಸ. ಸ್ನಾನದ ಜಾಗಕ್ಕೂ ಕಮೋಡಿಗೂ ನಡುವೆ ಒಂದು ಗಟ್ಟಿ ಗಾಜು ನಿಲ್ಲಿಸೋಣ ಅಂತಿದ್ದೇನೆ. ಚಂದ ಕಾಣುತ್ತದೆ. ನಿನಗೇನು ಬೇಕು ಬರೆ. ನಿನ್ನ ಅಳತೆ ಕಳಿಸುವುದು ಬೇಡ, ಅದು ನನಗೆ ಬಾಯಿಪಾಠ.

ಅನ್ನ ಒಂದು ದಿನ ಮುದ್ದೆಯಾಗುತ್ತದೆ, ಒಂದು ದಿನ ಅಕ್ಕಿಯಾಗಿಯೇ ಉಳಿಯುತ್ತದೆ. ಬದುಕಿದ್ದೇನೆ. ನಿನ್ನ ತಂಗಿಗೆ ನನ್ನ ನಮಸ್ಕಾರ ಹೇಳು. ಚಿಕ್ಕವಳಾದರೂ ನಮಸ್ಕಾರವೇ.

ನಿನ್ನ
ಟೈಲರು


ಫೆಬ್ರವರಿ 9

ಏನೂಂದ್ರೆ,

ನಿಮ್ಮ ಕಾಗದವನ್ನು ಓದಿ ಹೇಳು ಅಂತ ತಂಗಿ ಪೀಡಿಸಿದಳು. ಓದಿದೆ. ಆಗುತ್ತೆ ಮೇಸ್ತ್ರಿಯ ಭಾಗ ಬಂದಾಗ ನಿಮ್ಮ ಷಡ್ಡಕರು ನಕ್ಕು ನಕ್ಕು ಕೆಮ್ಮಿದರು. ಚಿಕ್ಕವಳಾದರೂ ನಮಸ್ಕಾರ ಅಂದದ್ದಕ್ಕೆ ಅವಳು ಕಣ್ಣೊರೆಸಿಕೊಂಡು ಒಳಗೆ ಎದ್ದು ಹೋದಳು.

ನನಗೇನು ಬೇಕು ಅಂತ ಇಷ್ಟು ವರ್ಷದಲ್ಲಿ ಮನೆಯ ಒಂದು ವಿಚಾರಕ್ಕೂ ಯಾರೂ ಕೇಳಿರಲಿಲ್ಲ. ಮನೆ ಕಟ್ಟಿದವರು ನಿಮ್ಮ ಅಪ್ಪ, ನಾನು ಆಮೇಲೆ ಬಂದವಳು. ಆದ್ದರಿಂದ ಸಂಕೋಚ ಬಿಟ್ಟು ಕೇಳುತ್ತೇನೆ. ಕೂತು ಸ್ನಾನ ಮಾಡಲು ಗೋಡೆಗೆ ಅಂಟಿಕೊಂಡ ಒಂದು ಪೀಠ ಬೇಕು. ಎಕ್ಸ್‌ಚೇಂಜಿನಲ್ಲಿ ನನ್ನ ಸ್ಟೂಲ್ ಇತ್ತಲ್ಲ, ಆ ಎತ್ತರ. ಕೂತರೆ ಕಾಲು ನೆಲಕ್ಕೆ ಪೂರ್ತಿ ಊರಬೇಕು. ಹಿಡಿಕೆ ಬಲಗಡೆ ಇರಲಿ, ಎಡಗಾಲಿನ ಮೇಲೆ ನನಗೆ ಇನ್ನೂ ನಂಬಿಕೆಯಿಲ್ಲ. ಸೋಪು ಕೂತಲ್ಲಿಂದಲೇ ಸಿಗಲಿ. ಟೈಲ್ಸ್ ಹೊಳೆಯುವುದು ಬೇಡ. ಹೊಳೆಯುವುದೆಲ್ಲ ಜಾರುತ್ತದೆ ಅಂತ ವ್ಯಾಯಾಮದ ಹುಡುಗಿ ಹೇಳಿದಳು. ಶವರ್ ಕೈಯಲ್ಲಿ ಹಿಡಿಯುವಂಥದು ಇರಲಿ, ಮೇಲಿಂದ ಸುರಿಯುವುದು ಬೇಡ, ನನ್ನ ತಲೆಗೆ ನೀರು ಬೇಕೋ ಬೇಡವೋ ನಾನು ಹೇಳಬೇಕು.

ಗಾಜಿನ ವಿಚಾರ. ಗಾಜಿನ ಹಿಂದೆ ಕೂರಿಸಲು ನಾನೇನು ಅಂಗಡಿಯ ಬಿಸ್ಕತ್ತೇ? ನಿಮಗೆ ಚಂದ ಅನ್ನಿಸಿದರೆ ಹಾಕಿಸಿ, ನಾನು ಬೇಡ ಅನ್ನುವುದಿಲ್ಲ.

ಬಾಗಿಲು, ಚಿಲಕದ ಬಗ್ಗೆ ನೀವು ಏನೂ ಬರೆಯಲಿಲ್ಲ. ಒಡೆದ ಬಾಗಿಲು ಹಾಗೆಯೇ ಇದೆಯೋ?

ನಿಮ್ಮ
ಆಪರೇಟರು


ಫೆಬ್ರವರಿ 28

ಇವಳೇ,

ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದವರು ಒಡೆಸಿ ನೋಡಿರಲಿಲ್ಲ ಅಂತ ಕಾಣುತ್ತದೆ. ಎಲ್ಲೆಲ್ಲೂ ಧೂಳು. ಹೊಲಿಗೆ ಮಷೀನಿಗೆ ನೀನು ಹೊದಿಸಿದ್ದ ಹಾಸಿಗೆ ಬಟ್ಟೆಯ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು. ಕಟ್ಟೆ ಮಾತ್ರ ಹೋಯಿತು. ಮೇಸ್ತ್ರಿಯ ಕೈಯಿಂದ ಸುತ್ತಿಗೆ ಇಸಿದುಕೊಂಡು ಮೊದಲ ಏಟು ನಾನೇ ಹಾಕಿದೆ. ಮಿಕ್ಕ ಏಟುಗಳನ್ನೂ ನಾನೇ ಹಾಕುತ್ತಿದ್ದೆ. "ಸಾರ್, ಗೋಡೆ ಬೇಕಲ್ವಾ ನಮಗೆ?" ಅಂತ ಅವನು ಸುತ್ತಿಗೆ ಕಿತ್ತುಕೊಂಡ.

ನೀನು ಕೇಳಿದ್ದೆಲ್ಲ ಆಗಿದೆ. ಪೀಠ, ಹಿಡಿಕೆ, ಸೋಪಿನ ಗೂಡು. ಹಿಡಿಕೆಗೆ ನಾನು ಜೋತುಬಿದ್ದು ನೋಡಿದ್ದೇನೆ, ಅಲ್ಲಾಡಲಿಲ್ಲ. ನೆಲದ ಇಳಿಜಾರು ಮೊದಲ ಸಲ ತಪ್ಪಿತು. ಒಂದು ಬಕೆಟ್ ನೀರು ಸುರಿದರೆ ಅದು ಮೂಲೆಗೆ ಹೋಗದೆ ನೆಂಟರ ಹಾಗೆ ಹಜಾರಕ್ಕೆ ಬಂದು ಕೂತಿತು. ಮೇಸ್ತ್ರಿ ಗಡ್ಡ ಕೆರೆದುಕೊಂಡು ಟೈಲ್ಸ್ ಕಿತ್ತು ಮತ್ತೆ ಹಾಕಿದ. ಈಗ ಖಾಲಿ ದಾರದ ಉರುಳೆಯನ್ನು ಎಲ್ಲಿ ಬಿಟ್ಟರೂ ಅದು ತಾನಾಗಿ ಉರುಳಿ ನೀರು ಹೋಗುವ ಜಾಲರಿಯ ಹತ್ತಿರ ನಿಲ್ಲುತ್ತದೆ. ನಾನು ದಿನಾ ಬೆಳಿಗ್ಗೆ ಬಿಟ್ಟು ನೋಡುತ್ತೇನೆ.

ಬಾಗಿಲು ಹೊಸದು. ಒಳಗೆ ಯಾರಾದರೂ ಬಿದ್ದರೆ ಅಡ್ಡವಾಗದಿರಲಿ ಅಂತ ಹೊರಕ್ಕೆ ತೆರೆಯುವ ಹಾಗೆ ಕೂರಿಸಿದ್ದೇವೆ.

ಚಿಲಕ ಹಾಕಿಸಿಲ್ಲ. ಹಾಕಿಸುವುದೂ ಇಲ್ಲ. ಅವತ್ತು ನೀನು ಒಳಗೆ ಕೂಗಿದ್ದು ನಿನಗೆ ನೆನಪಿದೆ. ಆಮೇಲೆ ನೀನು ಕೂಗುವುದನ್ನು ನಿಲ್ಲಿಸಿದ್ದು ನಿನಗೆ ನೆನಪಿಲ್ಲ, ನನಗಿದೆ. ಇಸ್ತ್ರಿ ಪೆಟ್ಟಿಗೆ ತಂದು ಬಾಗಿಲಿಗೆ ಹೊಡೆಯುತ್ತಾ ಇದ್ದೆ. ಹಲಗೆ ಸೀಳಿ ಕೈ ತೂರಿಸಿದರೆ ಚಿಲಕ ಸರಿಯದು. ಅದನ್ನು ಅಷ್ಟು ಬಿಗಿಯಾಗಿ ಹಾಕಿದವನು ನಾನೇ. ಇನ್ನೊಂದು ಸಲ ಆ ಬಾಗಿಲ ಹೊರಗೆ ನಿಲ್ಲಲು ನನ್ನಿಂದಾಗದು. ಬೇರೆ ಏನು ಬೇಕಾದರೂ ಕೇಳು.

ನಿನ್ನ
ಟೈಲರು


ಮಾರ್ಚ್ 6

ಏನೂಂದ್ರೆ,

ಈ ಕಾಗದವನ್ನು ತಂಗಿಗೆ ಓದಿ ಹೇಳುವುದಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಸ್ನಾನ ಮಾಡಿಸಿದವರು ನೀವು. ಕಣ್ಣು ಮುಚ್ಚಿಕೊಂಡು ನೀರು ಹಾಕುತ್ತಿದ್ದಿರಿ, ಅರ್ಧ ನೀರು ಗೋಡೆಗೆ. ನನಗೆ ನಾಚಿಕೆಯಾಗದಿರಲಿ ಅಂತ ಅಷ್ಟು ಹೊತ್ತೂ ನಲ್ಲಿಯ ವಾಷರ್ ಬಗ್ಗೆ ಮಾತಾಡುತ್ತಿದ್ದಿರಿ. ಮಾತೇ ಆಡದ ನೀವು. ಆ ವಾಷರ್ ಎಷ್ಟು ಸಲ ಬದಲಾಯಿತೋ ದೇವರಿಗೇ ಗೊತ್ತು. ಯಾರಿಗೆ ಇಂಥ ಗಂಡ ಸಿಗುತ್ತಾನೆ ಅಂತ ನಾನು ಬಚ್ಚಲಲ್ಲಿ ಕುರ್ಚಿಯ ಮೇಲೆ ಕೂತು ದಿನವೂ ಅಂದುಕೊಂಡಿದ್ದೇನೆ. ದಿನವೂ ಅಲ್ಲಿಂದ ಓಡಿಹೋಗಬೇಕು ಅಂತಲೂ ಅನ್ನಿಸಿದೆ. ಎರಡೂ ನಿಜ. ಅದಕ್ಕೇ ತಂಗಿ ಕರೆದ ಕೂಡಲೇ ಹೊರಟುಬಂದೆ. ನಿಮಗೆ ಕಾರಣ ಹೇಳಲಿಲ್ಲ, ನೀವೂ ಕೇಳಲಿಲ್ಲ.

ನಾವು ಅಣ್ಣತಮ್ಮ ಅಕ್ಕತಂಗಿ ಸೇರಿ ಎಂಟು ಜನ. ನಮ್ಮ ಬಚ್ಚಲಿಗೆ ಬಾಗಿಲು ಅಂತ ಇದ್ದದ್ದು ಒಂದು ತಗಡು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹಾಕಿಕೊಂಡು ದೊಡ್ಡವಳಾದೆ. ಮದುವೆಯಾಗಿ ಬಂದ ಮೊದಲ ವಾರ, ನಾನು ಬಚ್ಚಲ ಬಾಗಿಲಿಗೆ ಬಕೆಟ್ ಅಡ್ಡ ಇಡುವುದನ್ನು ನೀವು ನೋಡಿದಿರಿ. ಅವತ್ತೇ ಸಂಜೆ ಚಿಲಕ ತಂದು ಬಿಗಿದಿರಿ. ಅದು ನನ್ನ ಜನ್ಮದ ಮೊದಲ ಚಿಲಕ. ಒಳಗೆ ಹೋಗಿ ಅದನ್ನು ಹಾಕಿ, ತೆಗೆದು, ಹಾಕಿ ನೋಡಿದೆ. ನೀವು ಹೊರಗೆ ಕೇಳಿಸಿಕೊಂಡಿರಬೇಕು.

ನಿಮ್ಮ ಭಯ ನನಗೆ ಗೊತ್ತಾಗುತ್ತದೆ. ಆದರೆ ಚಿಲಕವಿಲ್ಲದಿದ್ದರೆ ನಾನು ಮತ್ತೆ ತಗಡು ಹಿಡಿದುಕೊಂಡ ಹುಡುಗಿಯೇ. ನೀವೇ ಕೊಟ್ಟದ್ದನ್ನು ನೀವೇ ಕಿತ್ತುಕೊಳ್ಳಬೇಡಿ. ಅದಿಲ್ಲದೆ ನಾನು ಬರುವುದಿಲ್ಲ.

ನಿಮ್ಮ
ಆಪರೇಟರು


ಮಾರ್ಚ್ 29

ಏನೂಂದ್ರೆ,

ಇಷ್ಟು ದಿನ ನಿಮ್ಮ ಕಾಗದ ಬರಲಿಲ್ಲ. ಫೋನ್ ಮಾಡಬೇಡಿ ಅಂದವಳು ನಾನೇ, ಆದರೂ ಮೊನ್ನೆ ಸೋತು ನಾನೇ ಮಾಡಿದೆ. "ಹೂಂ" ಅಂದಿರಿ. ಆ "ಹೂಂ" ಕೇಳಿ ಸಮಾಧಾನವಾಯಿತು ಅಂದರೆ ನಗಬೇಡಿ. ಅದರಲ್ಲಿ ಸಿಟ್ಟು ಇರಲಿಲ್ಲ. ಅಷ್ಟು ವರ್ಷ ಹೆಡ್‌ಫೋನ್ ಹಾಕಿ ಕೂತವಳಿಗೆ ಅಷ್ಟೂ ತಿಳಿಯದೇ?

ನಿನ್ನೆ ವಾಕರ್ ಬಿಟ್ಟು ಕೋಲು ಹಿಡಿದು ಗೇಟಿನವರೆಗೆ ಹೋದೆ. ಈ ಸಲ ಮೆರವಣಿಗೆ ಬೇಡ ಅಂದೆ. ತಂಗಿ ಕಿಟಕಿಯಲ್ಲಿ ನಿಂತು ನೋಡಿದಳು, ಬಾಯಿಗೆ ಸೆರಗು ಹಿಡಿದುಕೊಂಡು. ನೋಡುತ್ತಾ ನಿಲ್ಲುವವರಿಗೇ ಹೆಚ್ಚು ಕಷ್ಟ ಅಂತ ಅವಳನ್ನು ನೋಡಿದಾಗ ಅನ್ನಿಸಿತು. ನಿಮಗೆ ಹೇಳಬೇಕು ಅನ್ನಿಸಿತು, ಅಷ್ಟೇ. ಚಿಲಕದ ಮಾತು ಹಿಂದೆ ತೆಗೆದುಕೊಂಡಿಲ್ಲ.

ನಿಮ್ಮ
ಆಪರೇಟರು


ಏಪ್ರಿಲ್ 10

ಇವಳೇ,

ಒಂದು ಅನಾಹುತವಾಗಿದೆ. ಯಾರಿಗೂ ಪೆಟ್ಟಾಗಿಲ್ಲ, ನನ್ನ ಮಾನಕ್ಕೆ ಮಾತ್ರ.

ಗಾಜು ಬಂತು. ನಾಲ್ಕು ಜನ ಹೊತ್ತುಕೊಂಡು ಬಂದರು. ಗೋಡೆಗೂ ಹಿಡಿಕೆ ಕೂರಿಸಿದ ಕಂಬಕ್ಕೂ ನಡುವೆ ಅದು ಕೂರಬೇಕು. ಕೂರಲಿಲ್ಲ. ಎರಡೂ ಕಡೆ ಒಂದೊಂದು ಬೆರಳು ಹೆಚ್ಚು. ಗಾಜಿನಂಗಡಿಯವನು ನಾನು ಬರೆದುಕೊಟ್ಟ ಚೀಟಿ ತೋರಿಸಿದ. ಅವನ ತಪ್ಪಲ್ಲ. ಅಳತೆ ಸರಿಯಾಗಿಯೇ ತೆಗೆದಿದ್ದೇನೆ. ಬರೆಯುವಾಗ ಮಾತ್ರ ಕೈ ತನ್ನ ಪಾಡಿಗೆ ಎರಡೂ ಕಡೆ ಹೊಲಿಗೆಗೆ ಅಂತ ಬಟ್ಟೆ ಬಿಟ್ಟುಬಿಟ್ಟಿದೆ. ಜನ್ಮವಿಡೀ ಹಾಗೆಯೇ ಬರೆದ ಕೈ. "ಸಾರ್, ಇದನ್ನ ಮಡಚಿ ಹೊಲಿಯೋಕಾಗುತ್ತಾ?" ಅಂದ ಅಂಗಡಿಯವನು. ಕಾಯಿಸಿ ಗಟ್ಟಿ ಮಾಡಿದ ಗಾಜಂತೆ, ಅಂಚು ಕತ್ತರಿಸಲು ಹೋದರೆ ಪುಡಿಪುಡಿ. ನಾನು ಮೇಸ್ತ್ರಿಯ ಮುಖ ನೋಡಿದೆ. ಅವನು ಗಾಜು ನೋಡಿದ, ಗೋಡೆ ನೋಡಿದ, ಉಸಿರೆಳೆದುಕೊಂಡು "ಆಗಲ್ಲ" ಅಂದ. ಅವನ ಬಾಯಲ್ಲಿ ಆ ಮಾತು ನಾನು ಮೊದಲ ಸಲ ಕೇಳಿದ್ದು.

ಗಾಜನ್ನು ಈಗ ನನ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹಾಸಿದ್ದೇನೆ. ಅಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ.

"ಹಾಗಾದ್ರೆ ನೀರು ಹಾರೋದಕ್ಕೆ ಏನ್ ಮಾಡೋದು?" ಅಂತ ಕೇಳಿದೆ. ಮೇಸ್ತ್ರಿ ಮಷೀನಿನ ಕಡೆ ಕೈ ತೋರಿಸಿ "ಇದೇನು ಸಾರ್, ಬಟ್ಟೆ ಹೊದ್ದು ಮಲಗಿರೋದು?" ಅಂದ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೆದೆನಲ್ಲ ಅಂತ ನಗು ಬಂತು. ಕೊಡೆಯ ಬಟ್ಟೆ ತಂದೆ, ನೀಲಿ. ಆದರೆ ನಾನು ಅಂಗಡಿ ಮುಚ್ಚಿದ್ದು ಯಾಕೆ ಅಂತ ನಿನಗೆ ಗೊತ್ತು. ಸೂಜಿಯ ಕಣ್ಣು ನನ್ನ ಕಣ್ಣಿಗೆ ಕಾಣುವುದಿಲ್ಲ. ಮೇಸ್ತ್ರಿ ಸಿಮೆಂಟಿನ ಕೈ ತೊಳೆದುಕೊಂಡು ಬಂದು, ನಾಲಿಗೆ ಹೊರಗಿಟ್ಟು, ನಾಲ್ಕು ಸಲ ತಪ್ಪಿ ಐದನೇ ಸಲ ದಾರ ಪೋಣಿಸಿದ. ಆಮೇಲಿನದ್ದು ಕಾಲಿಗೂ ಕೈಗೂ ತಿಳಿದೇ ಇತ್ತು. ಪರದೆ ಹೊಲಿದೆ ಇವಳೇ. ಎಷ್ಟು ವರ್ಷದ ಮೇಲೆ. ನೀನು ಇದ್ದಿದ್ದರೆ ಹತ್ತಿರ ಬಂದು ನಿಲ್ಲುತ್ತಿದ್ದೆ.

ಹೊಲಿಯುತ್ತಾ ನಿನ್ನ ಕಾಗದದ ಬಗ್ಗೆ ಯೋಚಿಸಿದೆ. ಇಷ್ಟು ದಿನ ಉತ್ತರ ಬರೆಯಲಿಲ್ಲ, ಬರೆಯಲು ಕೂತರೆ ಆ ದಿನದ ಬಾಗಿಲೇ ಎದುರಿಗೆ ಬರುತ್ತಿತ್ತು. ಬಕೆಟ್ ಅಡ್ಡ ಇಡುತ್ತಿದ್ದ ಹುಡುಗಿ ನನಗೆ ಮರೆತೇಹೋಗಿದ್ದಳು. ನೀನು ಚಿಲಕ ಹಾಕಿ ತೆಗೆದು ಹಾಕಿದ್ದು ಕೇಳಿಸಿತ್ತು. ಅವತ್ತು ನನಗಾದ ಸಂತೋಷ ಇನ್ಯಾವ ಕೆಲಸಕ್ಕೂ ಆಗಿಲ್ಲ.

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಒಂದು ದಾರಿ ಹುಡುಕಿದ್ದೇನೆ. ಒಳಗಿನಿಂದ ಚಿಲಕವೇ. ಹೊರಗಡೆ ಒಂದು ಸಣ್ಣ ಗೀರು ಇರುತ್ತದೆ, ಅದಕ್ಕೆ ನಾಣ್ಯ ಇಟ್ಟು ತಿರುಗಿಸಿದರೆ ತೆರೆದುಕೊಳ್ಳುತ್ತದೆ. ನಿನ್ನೆ ಹಾಕಿಸಿದೆ. ನಡೆಯುತ್ತದಾ ಹೇಳು.

ನಿನ್ನ
ಟೈಲರು


ಏಪ್ರಿಲ್ 16

ಏನೂಂದ್ರೆ,

ನಡೆಯುತ್ತದೆ. ಆದರೆ ನಾಣ್ಯ ನಿಮ್ಮ ಕೈಯಲ್ಲಿದ್ದರೆ ಚಿಲಕವೂ ನಿಮ್ಮ ಕೈಯಲ್ಲಿದ್ದ ಹಾಗೆ. ನಾನು ಕೂಗಿದರೆ, ಇಲ್ಲವೇ ನೀವು ಕೂಗಿದಾಗ ನಾನು ಉತ್ತರ ಕೊಡದಿದ್ದರೆ ಮಾತ್ರ ಬಳಸಬೇಕು. "ಆಯ್ತಾ, ಆಯ್ತಾ" ಅಂತ ನಿಮಿಷಕ್ಕೊಂದು ಸಲ ಬಾಗಿಲು ಬಡಿಯಬಾರದು. ಬಾಗಿಲ ಮುಂದೆ ಕಾವಲು ನಿಲ್ಲಬಾರದು. ಇಷ್ಟಕ್ಕೆ ಒಪ್ಪಿದರೆ ಈ ತಿಂಗಳ ಕೊನೆಗೆ ತಂಗಿ ನನ್ನನ್ನು ಕರೆತರುತ್ತಾಳೆ.

ಗಾಜಿನ ಕಥೆ ಓದಿ ನಾನು ನಗಲಿಲ್ಲ. ನನ್ನ ಹಳೆಯ ರವಿಕೆ ಒಂದನ್ನು ತೆಗೆದು ಮಗುಚಿ ನೋಡಿದೆ. ಎರಡೂ ಪಕ್ಕ ಅದೇ ಒಂದೊಂದು ಬೆರಳು ಬಟ್ಟೆ. ನಾನು ದಪ್ಪಗಾದಾಗ ಬಿಚ್ಚಿಕೊಟ್ಟಿರಿ, ಆಸ್ಪತ್ರೆಯಿಂದ ಸೊರಗಿ ಬಂದಾಗ ಸೂಜಿ ಕಾಣದೆ ಪಿನ್ನು ಹಾಕಿ ಒಳಗೆ ಸೇರಿಸಿಕೊಟ್ಟಿರಿ. ಒಂದು ದಿನವೂ ಬಟ್ಟೆ ನನ್ನನ್ನು ಬಿಗಿಯಲಿಲ್ಲ. ಆ ಕೈ ಗಾಜಿಗೂ ಅದನ್ನೇ ಮಾಡಿದರೆ ಅದರ ಮೇಲೆ ನಾನೇನು ದೂರು ಹೇಳಲಿ?

ಅನ್ನಕ್ಕೆ ನೀರು ಎರಡರಷ್ಟು ಹಾಕಿ. ಬರುತ್ತಿದ್ದೇನೆ.

ನಿಮ್ಮ
ಆಪರೇಟರು


ಮೇ 1

ಏನೂಂದ್ರೆ,

ಒಂದೇ ಮನೆಯಲ್ಲಿ ಕೂತು ಕಾಗದ ಬರೆಯುವ ಹುಚ್ಚಿ ಅನ್ನಬೇಡಿ. ನೀವು ತಂಗಿಯನ್ನು ಬಸ್ಸಿಗೆ ಬಿಡಲು ಹೋಗಿದ್ದೀರಿ. ಬರುವುದರೊಳಗೆ ಬರೆದು ಇಸ್ತ್ರಿ ಪೆಟ್ಟಿಗೆಯ ಕೆಳಗೆ ಇಡುತ್ತೇನೆ. ಎದುರಿಗೆ ಹೇಳಲು ಹೋದರೆ ನೀವು "ಹೂಂ" ಅಂದು ಎದ್ದು ಹೋಗುತ್ತೀರಿ.

ನಿನ್ನೆ ರಾತ್ರಿ ಬಂದಿಳಿದವಳು ಇವತ್ತು ಬೆಳಿಗ್ಗೆ ಕೋಲು ಊರಿಕೊಂಡು ಒಳಗೆ ಹೋದೆ. ಕಾಲಿಗೆ ಏನೂ ಅಡ್ಡ ಬರಲಿಲ್ಲ. ಕಟ್ಟೆ ಇದ್ದ ಜಾಗದಲ್ಲಿ ಅಭ್ಯಾಸಬಲದಿಂದ ಕಾಲೆತ್ತಿ ಇಟ್ಟೆ, ನನಗೇ ನಗು ಬಂತು. ಚಿಲಕ ಹಾಕಿದೆ. ತೆಗೆದು ಮತ್ತೊಮ್ಮೆ ಹಾಕಿದೆ, ನಿಮಗೆ ಕೇಳಿಸಲಿ ಅಂತ. ಪೀಠ ನನ್ನ ಸ್ಟೂಲಿನಷ್ಟೇ ಎತ್ತರ, ಕಾಲು ಪೂರ್ತಿ ಊರುತ್ತದೆ. ಪರದೆ ಎಳೆದುಕೊಂಡೆ. ಒಳಗೆಲ್ಲ ನೀಲಿ ಬೆಳಕು. ಅದರ ಅಂಚಿನಲ್ಲೂ ಎರಡು ಬೆರಳು ಬಟ್ಟೆ ಬಿಟ್ಟಿದ್ದೀರಿ, ಪರದೆ ಬೆಳೆಯುತ್ತದೆ ಅಂತಲೋ ಏನೋ.

ನೀರು ಬಿಟ್ಟ ಕೂಡಲೇ ಹೊರಗೆ ಮಷೀನಿನ ಸದ್ದು ಶುರುವಾಯಿತು. ನನಗೆ ಹಿತವಾಯಿತು. ಇವರು ಕೊಟ್ಟ ಮಾತಿನಂತೆ ಬಾಗಿಲ ಹತ್ತಿರ ನಿಲ್ಲದೆ ತಮ್ಮ ಕೆಲಸ ತಾವು ಮಾಡುತ್ತಿದ್ದಾರೆ ಅಂದುಕೊಂಡೆ. ನಾನು ನಿಧಾನವಾಗಿ, ಆತುರವಿಲ್ಲದೆ, ಯಾರೂ ನೋಡದೆ, ಯಾರೂ ಕಣ್ಣು ಮುಚ್ಚಿಕೊಳ್ಳದೆ ಸ್ನಾನ ಮಾಡಿದೆ. ಸೊಂಟದ ಪಕ್ಕದ ಗಾಯದ ಕಲೆಯನ್ನು ಇವತ್ತೇ ಸರಿಯಾಗಿ ನೋಡಿದ್ದು. ಸ್ವಲ್ಪ ಅತ್ತೆ. ದುಃಖಕ್ಕಲ್ಲ.

ಆದರೆ ಕಿವಿ ಸುಮ್ಮನಿರಬೇಕಲ್ಲ. ಮಷೀನು ಒಂದೇ ಸಮನೆ ಓಡುತ್ತಿತ್ತು. ನಿಲ್ಲುವುದಿಲ್ಲ, ತಿರುಗುವುದಿಲ್ಲ, ದಾರ ಕತ್ತರಿಸುವ ಸದ್ದಿಲ್ಲ. ಅಷ್ಟು ಉದ್ದದ ಹೊಲಿಗೆ ಯಾವ ಬಟ್ಟೆಗಿದೆ? ನಾನು ನಲ್ಲಿ ನಿಲ್ಲಿಸಿದ ಕೂಡಲೇ ಅದೂ ನಿಂತಿತು.

ಹೊರಗೆ ಬಂದಾಗ ನೀವು ತಲೆ ಎತ್ತಲಿಲ್ಲ. "ಆಯ್ತಾ" ಅಂತಲೂ ಕೇಳಲಿಲ್ಲ. ಮಷೀನಿನ ಹಲಗೆಯ ಮೇಲೆ ನಾಣ್ಯ ಇತ್ತು. ಒಂದು ತುಂಡು ಬಟ್ಟೆಯ ಮೇಲೆ ಸಾಲುಸಾಲು ತೂತು, ಸುತ್ತಿ ಸುತ್ತಿ ಅದರ ಮೇಲೇ ತೂತು. ಸೂಜಿಯಲ್ಲಿ ದಾರವೇ ಇರಲಿಲ್ಲ.

ನೀವು ಹೊರಗೆ ನಿಲ್ಲಲು ಆಗದು ಅಂದಿದ್ದಿರಿ. ಆದರೂ ನಾನು ಚಿಲಕ ಹಾಕಲು ಬಿಟ್ಟಿರಿ. ಅಷ್ಟು ಹೊತ್ತು ಕಾಲು ತುಳಿಯುತ್ತಾ ಕೂತು ಆ ನಾಣ್ಯ ಮುಟ್ಟಲಿಲ್ಲ. ಕೈ ಮುಗಿದರೆ ನೀವು ಬೈಯುತ್ತೀರಿ. ಆದ್ದರಿಂದ ಇಲ್ಲಿ ಬರೆದಿದ್ದೇನೆ, ಇದೇ ಮುಗಿದ ಕೈ ಅಂದುಕೊಳ್ಳಿ.

ಪೆಟ್ಟಿಗೆಯಲ್ಲಿದ್ದ ಸೂಜಿಗಳಿಗೆಲ್ಲ ದಾರ ಪೋಣಿಸಿ ನಿಮ್ಮ ಸೂಜಿ ಚುಚ್ಚುವ ಪುಟ್ಟ ದಿಂಬಿಗೆ ಚುಚ್ಚಿಟ್ಟಿದ್ದೇನೆ. ಮಷೀನಿಗೂ ಪೋಣಿಸಿದ್ದೇನೆ, ಬಿಳಿ ದಾರ. ಪಕ್ಕದಲ್ಲಿ ನನ್ನ ಆ ಸಡಿಲವಾದ ರವಿಕೆ ಇದೆ, ಪಿನ್ನು ತೆಗೆದಿದ್ದೇನೆ. ಇನ್ನು ದಿನಾ ಬೆಳಿಗ್ಗೆ ದಾರ ಪೋಣಿಸಿಕೊಟ್ಟೇ ನಾನು ಸ್ನಾನಕ್ಕೆ ಹೋಗುತ್ತೇನೆ. ನಾಳೆ ನಾನು ಒಳಗಿರುವಾಗ ಆ ರವಿಕೆಯ ಪಕ್ಕ ಹಿಡಿದು ಹೊಲಿಯಿರಿ.

ನಿಮ್ಮ
ಆಪರೇಟರು